ಬಹುಮಾನದ ಮೇಲಿನ ಹೆಸರು

ಕಳೆದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಮಕ್ಕಳನ್ನು ಆಟದ ಬಯಲಿಗೆ ಬಿಡುವಂತಿರಲಿಲ್ಲ. ಏಳನೆಯ ತರಗತಿಯವರನ್ನು ಒಳಗೇ ಕುಳ್ಳಿರಿಸಿಕೊಂಡು ಯಂತ್ರಮಾನವನ ಕಥೆಯೊಂದನ್ನು ಹೇಳತೊಡಗಿದೆನು. ಯಂತ್ರಮಾನವನು ಮನುಷ್ಯನಿಗೆ ಕೇಡನ್ನುಂಟುಮಾಡಕೂಡದು. ಮನುಷ್ಯನ ಅಪ್ಪಣೆಯನ್ನು ನಡೆಸಬೇಕು. ಇವೆರಡಕ್ಕೂ ಬಾಧೆ ಬಾರದ ಹಾಗೆ ತನ್ನನ್ನು ತಾನು ಕಾಪಾಡಿಕೊಳ್ಳಬೇಕು. ಈ ಮೂರು ನಿಯಮಗಳು ಮಕ್ಕಳಿಗೆ ಬಲು ಹಿಡಿಸಿದುವು. ಇವನ್ನು ಮಾಡಿದವರಾರೆಂದು ಕೇಳಿದರು. ಅಮೆರಿಕದ ಐಸಾಕ್ ಅಸಿಮೊವ್ ಎಂದು ಹೇಳಿ ಅಲ್ಲಿಗೇ ನಿಲ್ಲಿಸಬಹುದಾಗಿತ್ತು. ಆದರೆ ಅಸಿಮೊವನು ಆ ಕೀರ್ತಿಯನ್ನು ತನ್ನ ಸಂಪಾದಕನಾದ ಜಾನ್ ಕ್ಯಾಂಪ್‌ಬೆಲ್ಲನಿಗೆ ಒಪ್ಪಿಸಿದ್ದನೆಂದೂ, ಆ ಕ್ಯಾಂಪ್‌ಬೆಲ್ಲನ ಹೆಸರಿನ ಪ್ರಶಸ್ತಿಯೊಂದರಿಂದ 2019ರಲ್ಲಿ ಆತನ ಹೆಸರನ್ನು ತೆಗೆದುಬಿಟ್ಟರೆಂದೂ, ಆತನು ಕಪ್ಪು ಜನರನ್ನು ಕುರಿತು ಬರೆದ ಮಾತುಗಳೇ ಅದಕ್ಕೆ ಕಾರಣವೆಂದೂ ಬಾಯಿತಪ್ಪಿ ಬಂದುಬಿಟ್ಟಿತು. ಹಿಂದಿನ ಬೆಂಚಿನ ಹುಡುಗನೊಬ್ಬನು ಎದ್ದು ನಿಂತು, "ಹೆಸರು ತೆಗೆದರೆ ಅವರು ಮಾಡಿದ ಒಳ್ಳೆಯ ಕೆಲಸವೂ ಹೋಗುವುದಿಲ್ಲವೇ, ಮಾಷ್ಟ್ರೇ?" ಎಂದು ಕೇಳಿದನು.

ಆ ಕ್ಷಣ ನನಗೆ ಉತ್ತರ ತೋಚಲಿಲ್ಲ. ಈ ಲೇಖನವು ಅಂದಿನ ಆ ಪ್ರಶ್ನೆಗೆ ನಾನು ತಡವಾಗಿ ಹುಡುಕಿಕೊಂಡ ಉತ್ತರವೆಂದು ವಾಚಕರು ತಿಳಿಯಬಹುದು.

ಮೊದಲು ಕ್ಯಾಂಪ್‌ಬೆಲ್ಲನು ಯಾರೆಂಬುದನ್ನು ಅರಿಯತಕ್ಕದ್ದು. ಅಮೆರಿಕದಲ್ಲಿ ವಿಜ್ಞಾನಕಥೆಗಳಿಗೆಂದೇ ಮೀಸಲಾದ ಮೊದಲ ಮಾಸಪತ್ರಿಕೆಯನ್ನು ಹ್ಯೂಗೊ ಗರ್ನ್ಸ್‌ಬ್ಯಾಕ್ ಎಂಬಾತನು 1926ರಲ್ಲಿ ಹೊರಡಿಸಿದನು. ಬಣ್ಣಬಣ್ಣದ ಹೊದಿಕೆ, ಒಳಗೆ ಒರಟು ಕಾಗದ, ಅಗ್ಗದ ಬೆಲೆ. ಅದನ್ನು ಅನುಸರಿಸಿ ಮತ್ತೆ ಕೆಲವು ಪತ್ರಿಕೆಗಳು ಹುಟ್ಟಿಕೊಂಡುವು. ಅವುಗಳ ಓದುಗರಲ್ಲಿ ಬಹುಮಂದಿ ಎಳೆಯ ಹುಡುಗರು. ಅವರು ತಮ್ಮತಮ್ಮಲ್ಲೇ ಕಾಗದ ಬರೆದುಕೊಂಡು, ಸಂಘಗಳನ್ನು ಕಟ್ಟಿಕೊಂಡು, ನಮ್ಮ ಈ ಪತ್ರಿಕೆಯಂತೆಯೇ ಮೇಣದ ಹಾಳೆಯ ಮೇಲೆ ಬೆರಳಚ್ಚು ಹೊಡೆದು ಸೈಕ್ಲೋಸ್ಟೈಲ್ ಮಾಡಿದ ಪುಟ್ಟ ಪುಟ್ಟ ಪತ್ರಿಕೆಗಳನ್ನು ಹಂಚಿಕೊಳ್ಳುತ್ತಿದ್ದರು. ಕೈಗೆ ಮಸಿ ಮೆತ್ತಿಕೊಂಡ ಆ ಹುಡುಗರೇ ಮುಂದೆ ಲೇಖಕರಾದರು, ಸಂಪಾದಕರಾದರು, ಪ್ರಶಸ್ತಿಗಳನ್ನು ಸ್ಥಾಪಿಸಿದರು. 1939ರಲ್ಲಿ ನ್ಯೂಯಾರ್ಕಿನಲ್ಲಿ ಅವರ ಮೊದಲನೆಯ ವಿಶ್ವಸಮ್ಮೇಳನವು ಸೇರಿತು. 1953ರಿಂದ ಈ ಸಮ್ಮೇಳನದಲ್ಲಿ ಗರ್ನ್ಸ್‌ಬ್ಯಾಕನ ಹೆಸರಿನ 'ಹ್ಯೂಗೊ' ಪ್ರಶಸ್ತಿಯನ್ನು ಕೊಡುವುದು ರೂಢಿಗೆ ಬಂದಿತು. ಇಷ್ಟನ್ನು ಏಕೆ ಹೇಳಿದೆನೆಂದರೆ, ಈ ಪ್ರಶಸ್ತಿಗಳು ಯಾವ ಸರಕಾರದ ಕೊಡುಗೆಯೂ ಅಲ್ಲ. ಒಂದು ದೊಡ್ಡ ಕೂಡುಕುಟುಂಬದ ಒಳಗಿನ ಮರ್ಯಾದೆ. ಆದುದರಿಂದಲೇ ಅಲ್ಲಿ ಹೆಸರಿನ ಜಗಳವು ಮನೆಯೊಳಗಿನ ಜಗಳದಷ್ಟು ಕಹಿಯಾಯಿತು.

ಕ್ಯಾಂಪ್‌ಬೆಲ್ಲನು 1910ರಲ್ಲಿ ಹುಟ್ಟಿದವನು. 1937ರ ಕೊನೆಯಲ್ಲಿ 'ಅಸ್ಟೌಂಡಿಂಗ್' ಎಂಬ ಪತ್ರಿಕೆಯ ಸಂಪಾದಕತ್ವವು ಆತನ ಪಾಲಿಗೆ ಬಂದಿತು. 1960ರಲ್ಲಿ ಆ ಪತ್ರಿಕೆ 'ಅನಲಾಗ್' ಎಂದು ಹೆಸರನ್ನು ಬದಲಾಯಿಸಿಕೊಂಡಿತು. 1971ರಲ್ಲಿ ಕಣ್ಣುಮುಚ್ಚುವವರೆಗೂ ಆತನು ಆ ಕುರ್ಚಿಯನ್ನು ಬಿಡಲಿಲ್ಲ. ಆತನ ಸಂಪಾದಕತ್ವದ ಸೊಗಸನ್ನು ಬಣ್ಣಿಸದೆ ಮುಂದಕ್ಕೆ ಹೋದರೆ ಅನ್ಯಾಯವಾದೀತು. ಬಂದ ಕಥೆಗಳನ್ನು ಆರಿಸಿ ಅಚ್ಚಿಗೆ ಕಳುಹಿಸಿ ಕೈತೊಳೆದುಕೊಳ್ಳುವ ಸಂಪಾದಕನಲ್ಲ ಆತ. ಎಳೆಯ ಲೇಖಕರನ್ನು ಎದುರಿಗೆ ಕುಳ್ಳಿರಿಸಿಕೊಂಡು ಗಂಟೆಗಟ್ಟಲೆ ವಾದಿಸುವನು. ಕಥಾವಸ್ತುವನ್ನು ತಾನೇ ಹೊಳೆಯಿಸಿ ಕೊಡುವನು. ತಿರಸ್ಕರಿಸಿದ ಕಥೆಗೆ ಪುಟಗಟ್ಟಲೆ ಕಾಗದ ಬರೆದು ತಪ್ಪನ್ನು ತೋರಿಸುವನು. ನಕ್ಷತ್ರಗಳು ಸಾವಿರ ವರ್ಷಕ್ಕೊಮ್ಮೆ ಮಾತ್ರ ಕಾಣಿಸುವುದಾದರೆ ಜನ ಏನು ಮಾಡಿಯಾರು ಎಂಬ ಪ್ರಶ್ನೆಯನ್ನು ಇಪ್ಪತ್ತೊಂದು ವರ್ಷದ ಅಸಿಮೊವನ ಮುಂದಿಟ್ಟವನು ಆತನೇ. ಅದರಿಂದ ಹುಟ್ಟಿದ ಕಥೆ 1941ರಲ್ಲಿ ಅಚ್ಚಾಗಿ ಲೇಖಕನನ್ನು ಪ್ರಸಿದ್ಧಿಗೆ ತಂದಿತು. ಯಂತ್ರಮಾನವನ ಮೂರು ನಿಯಮಗಳ ವಿಷಯದಲ್ಲಂತೂ ಗುರುಶಿಷ್ಯರೊಳಗೆ ಒಂದು ಸವಿಯಾದ ವಿವಾದವೇ ನಡೆಯಿತು. ಅವು ಕ್ಯಾಂಪ್‌ಬೆಲ್ಲನವೆಂದು ಅಸಿಮೊವನು ಹೇಳಿದರೆ, ನಿನ್ನ ಕಥೆಗಳಲ್ಲಿ ಅಡಗಿದ್ದುದನ್ನೇ ನಾನು ಹೆಕ್ಕಿ ತೆಗೆದೆನೆಂದು ಕ್ಯಾಂಪ್‌ಬೆಲ್ಲನು ಹೇಳುತ್ತಿದ್ದನು. 1944ರ ಮಾರ್ಚಿಯಲ್ಲಿ ಆತನು ಅಚ್ಚುಹಾಕಿದ ಕಥೆಯೊಂದರಲ್ಲಿ ಅಣುಬಾಂಬಿನ ವರ್ಣನೆಯಿದ್ದುದನ್ನು ಕಂಡು, ರಹಸ್ಯವೇನಾದರೂ ಹೊರಬಿದ್ದಿತೋ ಎಂದು ಸೈನ್ಯದ ಗುಪ್ತಚಾರರು ಕಚೇರಿಗೇ ಬಂದು ವಿಚಾರಿಸಿದರು. ಬಹಿರಂಗವಾದ ವಿಜ್ಞಾನಲೇಖನಗಳಿಂದಲೇ ಅದನ್ನು ಊಹಿಸಿ ಬರೆದುದೆಂದು ಸಮಾಧಾನ ಹೇಳಬೇಕಾಯಿತು. ಹಿಲಿರು ಕಾಗದದ ಮೇಲೆ ಇಷ್ಟು ದೂರದ ನೋಟ!

ಈ ದೂರದರ್ಶಿಯ ಕಣ್ಣಿಗೆ ಮಗ್ಗುಲ ಮನೆಯ ಮನುಷ್ಯನು ಕಾಣಲಿಲ್ಲವೆಂಬುದೇ ವಿಷಾದ. ಏಷ್ಯದ ಜನರು ಅಮೆರಿಕವನ್ನು ಗೆದ್ದುಕೊಂಡುದನ್ನೂ, ಆ ಜನಾಂಗದವರನ್ನು ಮಾತ್ರ ಕೊಲ್ಲತಕ್ಕ ಕಿರಣವೊಂದನ್ನು ಬಿಳಿಯರು ಕಂಡುಹಿಡಿದುದನ್ನೂ ವಸ್ತುವಾಗುಳ್ಳ ಕಥೆಯೊಂದನ್ನು ಕ್ಯಾಂಪ್‌ಬೆಲ್ಲನು ಬರೆದಿಟ್ಟಿದ್ದನು. ಅದನ್ನು ರಾಬರ್ಟ್ ಹೈನ್‌ಲೈನನ ಕೈಗೆ ಕೊಟ್ಟು ಕಾದಂಬರಿಯಾಗಿ ಬರೆಯಿಸಿ 1941ರಲ್ಲಿ ಮೂರು ಸಂಚಿಕೆಗಳಲ್ಲಿ ಪ್ರಕಟಿಸಿದನು. ಅದರಲ್ಲಿದ್ದ ಜನಾಂಗದ್ವೇಷವನ್ನು ತಾನು ಆದಷ್ಟು ತಗ್ಗಿಸಬೇಕಾಯಿತೆಂದು ಹೈನ್‌ಲೈನನೇ ಮುಂದೆ ಬರೆದಿದ್ದಾನೆ. ಇನ್ನು ಅಸಿಮೊವನು ಯಹೂದಿ, ರಷ್ಯದಿಂದ ಬಂದವರ ಮಗ. ಅನ್ಯಗ್ರಹದ ಜೀವಿಗಳು ಕಥೆಯಲ್ಲಿ ಬಂದರೆ ಭೂಮಿಯವರೇ ಅವರಿಗಿಂತ ಮೇಲಾಗಿರಬೇಕೆಂಬುದು ಸಂಪಾದಕನ ಹಟ. ಅದರ ಹಿಂದೆ ಬಿಳಿಯರೇ ಮೇಲೆಂಬ ಭಾವವು ಇಣುಕುತ್ತಿರುವುದನ್ನು ಅಸಿಮೊವನು ಗುರುತಿಸಿದನು. ಗುರುವಿನೊಡನೆ ಜಗಳವಾಡುವ ಮನಸ್ಸಿಲ್ಲ, ಒಪ್ಪುವ ಮನಸ್ಸೂ ಇಲ್ಲ. ಕೊನೆಗೆ ಅನ್ಯಜೀವಿಗಳೇ ಇಲ್ಲದ, ಬರಿಯ ಮನುಷ್ಯರೇ ತುಂಬಿದ ನಕ್ಷತ್ರಲೋಕವನ್ನು ಕಲ್ಪಿಸಿ ಪಾರಾದನು. 1942ರಿಂದ ಬರತೊಡಗಿದ ಆತನ 'ಫೌಂಡೇಶನ್' ಕಥಾಮಾಲೆಯ ಆಕಾಶವು ಅಷ್ಟೊಂದು ನಿರ್ಜನವಾಗಿರುವುದಕ್ಕೆ ಇದೇ ಕಾರಣ. ಸಂಪಾದಕನೊಬ್ಬನ ಪೂರ್ವಗ್ರಹವು ಒಂದು ಸಾಹಿತ್ಯದ ಆಕಾಶವನ್ನೇ ಬರಿದುಗೊಳಿಸಿತಲ್ಲ ಎಂದು ಆ ಕಥೆಗಳನ್ನು ಓದುವಾಗಲೆಲ್ಲ ನನಗನ್ನಿಸುತ್ತದೆ.

ವಯಸ್ಸು ಏರಿದಂತೆ ಕ್ಯಾಂಪ್‌ಬೆಲ್ಲನ ಸಂಪಾದಕೀಯಗಳು ಮತ್ತಷ್ಟು ಕಟುವಾದುವು. ಕಪ್ಪು ಮಕ್ಕಳಿಗೂ ಬಿಳಿಯ ಮಕ್ಕಳಿಗೂ ಬೇರೆ ಬೇರೆ ಶಾಲೆಗಳಿರುವುದೇ ಸರಿಯೆಂದು 1963ರಲ್ಲಿ ವಾದಿಸಿದನು. ಅಂಥ ಪ್ರತ್ಯೇಕತೆಯು ರಾಜ್ಯಾಂಗಕ್ಕೆ ವಿರುದ್ಧವೆಂದು ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1954ರಲ್ಲಿಯೇ ತೀರ್ಪಿತ್ತು ಒಂಬತ್ತು ವರ್ಷಗಳಾಗಿದ್ದುವು. ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್ನಿನಲ್ಲಿ ಎರಡು ಲಕ್ಷಕ್ಕೂ ಮಿಕ್ಕಿದ ಜನರೆದುರಿಗೆ ಮಾತಾಡಿದುದು ಅದೇ ವರ್ಷ. ಗುಲಾಮಗಿರಿಯು ಜನ ತಿಳಿದಷ್ಟು ಕೆಟ್ಟದಲ್ಲವೆಂಬ ಧಾಟಿಯಲ್ಲಿಯೂ ಆತನು ಬರೆದನು. ಉಪಾಧ್ಯಾಯ ಮಿತ್ರರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಯಾವ ಮಗು ಯಾವ ಬೆಂಚಿನಲ್ಲಿ ಕೂರಬೇಕೆಂಬ ಪ್ರಶ್ನೆ ನಮಗೆ ಪುಸ್ತಕದ ಪ್ರಶ್ನೆಯಲ್ಲ.

ಈ ಅಭಿಪ್ರಾಯಗಳು ಸಂಪಾದಕೀಯದ ಪುಟದಲ್ಲಿಯೇ ಉಳಿದಿದ್ದರೆ ಅದನ್ನು ಮುದುಕನ ಮೊಂಡುತನವೆಂದು ಬಿಡಬಹುದಾಗಿತ್ತೋ ಏನೋ. ಆದರೆ ಸಂಪಾದಕನ ಕೈಯಲ್ಲಿ ಬಾಗಿಲಿನ ಅಗುಳಿಯಿರುತ್ತದೆ. ನ್ಯೂಯಾರ್ಕಿನ ಹಾರ್ಲೆಮ್ಮಿನಲ್ಲಿ ಹುಟ್ಟಿ ಬೆಳೆದ ಕಪ್ಪು ಲೇಖಕರಾದ ಸಾಮ್ಯುಯೆಲ್ ಡಿಲೇನಿಯವರು ಇಪ್ಪತ್ತೈದರ ಹರೆಯದಲ್ಲಿಯೇ ಹೆಸರಾದವರು. 1967ರಲ್ಲಿ ಅವರ 'ನೋವಾ' ಎಂಬ ಕಾದಂಬರಿಯು ಧಾರಾವಾಹಿಯಾಗಿ ಪ್ರಕಟವಾಗಲೆಂದು ಕ್ಯಾಂಪ್‌ಬೆಲ್ಲನಿಗೆ ಹೋಯಿತು. ಅದು ಹಿಂತಿರುಗಿತು, ಬೆನ್ನಿಗೇ ಡಿಲೇನಿಯವರ ಪ್ರತಿನಿಧಿಗೆ ಟೆಲಿಫೋನು ಬಂದಿತು. ಕಾದಂಬರಿ ಚೆನ್ನಾಗಿದೆಯಾದರೂ ಕಪ್ಪು ಮನುಷ್ಯನು ಕಥಾನಾಯಕನಾಗಿರುವುದನ್ನು ತನ್ನ ವಾಚಕರು ಒಪ್ಪಲಾರರೆಂದು ಕ್ಯಾಂಪ್‌ಬೆಲ್ಲನು ತಿಳಿಸಿದನು. ಈ ಸಂಗತಿಯನ್ನು ಡಿಲೇನಿಯವರೇ 1998ರ ತಮ್ಮ ಪ್ರಬಂಧವೊಂದರಲ್ಲಿ ಬರೆದಿದ್ದಾರೆ. ದೋಷವನ್ನು ವಾಚಕರ ತಲೆಗೆ ಕಟ್ಟುವ ಈ ಜಾಣತನವನ್ನು ಗಮನಿಸಬೇಕು. ಹಸಿರು ಮೈಯ ಮಂಗಳಗ್ರಹದವನನ್ನು ಒಪ್ಪಿದ ವಾಚಕನು ಕಪ್ಪು ಮೈಯ ನೆರೆಯವನನ್ನು ಒಪ್ಪಲಾರನೇ? ಕೇಳಿ ನೋಡಿದವರು ಯಾರು? 'ನೋವಾ' 1968ರಲ್ಲಿ ಬೇರೊಬ್ಬ ಪ್ರಕಾಶಕರಿಂದ ಪುಸ್ತಕವಾಗಿ ಹೊರಬಂದು ಇಂದಿಗೂ ಓದುಗರನ್ನು ಪಡೆದಿದೆ.

1971ರಲ್ಲಿ ಕ್ಯಾಂಪ್‌ಬೆಲ್ಲನು ತೀರಿಕೊಂಡನು. ಎರಡೇ ವರ್ಷಗಳಲ್ಲಿ, ಎಂದರೆ 1973ರಲ್ಲಿ, 'ಅನಲಾಗಿ'ನ ಪ್ರಕಾಶಕರು ಆತನ ಹೆಸರಿನಲ್ಲಿ ಅತ್ಯುತ್ತಮ ಹೊಸ ಲೇಖಕನಿಗೆ ಪ್ರಶಸ್ತಿಯೊಂದನ್ನು ಸ್ಥಾಪಿಸಿದರು. ಹೊಸಬರನ್ನು ಕೈಹಿಡಿದು ಮೇಲೆತ್ತಿದವನೆಂಬುದೇ ಆ ಹೆಸರನ್ನಿಟ್ಟ ಕಾರಣ. ಅದು ಸುಳ್ಳೂ ಅಲ್ಲ. ಚಿತೆಯ ಬಿಸಿಯಾರುವ ಮುನ್ನ, ಆತ್ಮೀಯರು, ಅದೂ ಆತನ ಪತ್ರಿಕೆಯವರೇ ಕೊಟ್ಟ ಮರ್ಯಾದೆ ಅದು. ಆತನ ಜೀವನವನ್ನು ತಕ್ಕಡಿಯಲ್ಲಿಟ್ಟು ತೂಗಿ ಚರಿತ್ರೆಯು ಕೊಟ್ಟ ತೀರ್ಪಲ್ಲ. ನಾವು ಕಲ್ಲಿನ ಮೇಲೆ ಕೆತ್ತಿದ ಹೆಸರನ್ನು ನೋಡಿದೊಡನೆ ಇದನ್ನು ಯಾರೋ ಬಲ್ಲವರು ಪರಿಶೀಲಿಸಿಯೇ ಕೆತ್ತಿದ್ದಾರೆಂದು ಭಾವಿಸುತ್ತೇವೆ. ಬಹುಸಂದರ್ಭಗಳಲ್ಲಿ ಹಾಗೆ ನಡೆದಿರುವುದಿಲ್ಲ.

ನಲವತ್ತಾರು ವರ್ಷಗಳು ಕಳೆದುವು. 2019ರ ಆಗಸ್ಟ್ 18ರಂದು ಐರ್ಲೆಂಡಿನ ಡಬ್ಲಿನ್ನಿನಲ್ಲಿ ಸೇರಿದ್ದ ವಿಶ್ವಸಮ್ಮೇಳನದಲ್ಲಿ ಈ ಪ್ರಶಸ್ತಿಯು ಹಾಂಗ್‌ಕಾಂಗಿನಲ್ಲಿ ಹುಟ್ಟಿದ ಜೆನೆಟ್ ಇಂಗ್ ಎಂಬ ಲೇಖಕಿಗೆ ಬಂದಿತು. ಆಕೆ ವೇದಿಕೆಯನ್ನೇರಿ, ಯಾರ ಹೆಸರಿನ ಪ್ರಶಸ್ತಿಯನ್ನು ಕೈಯಲ್ಲಿ ಹಿಡಿದಿದ್ದರೋ ಆತನನ್ನೇ ಫ್ಯಾಸಿಸ್ಟನೆಂದು ಕರೆದರು. ಬಿಳಿಯ ಗಂಡಸರಿಗೆ ಮಾತ್ರ ಸಲ್ಲುವ ಸಾಹಿತ್ಯವನ್ನಾಗಿ ಇದನ್ನು ಮಾಡಿದವನು ಆತನೆಂದರು. ಹೋರಾಟದಲ್ಲಿದ್ದ ತಮ್ಮ ಹುಟ್ಟೂರನ್ನೂ ನೆನೆದರು. ಆ ಒಂದು ಪದವನ್ನು ಚರಿತ್ರಕಾರನಾಗಿದ್ದರೆ ಇನ್ನಷ್ಟು ತೂಗಿ ಬಳಸುತ್ತಿದ್ದನೆಂದು ನನ್ನ ಎಣಿಕೆ. ಆದರೆ ಆಕೆ ಅಲ್ಲಿ ಚರಿತ್ರೆಯನ್ನು ಬೋಧಿಸಲು ನಿಂತಿರಲಿಲ್ಲ. ಆ ಕಿರಣದ ಕಥೆಯಲ್ಲಿ ಸಾಯತಕ್ಕ ಜನಾಂಗಕ್ಕೆ ಸೇರಿದ ಹೆಣ್ಣುಮಗಳೊಬ್ಬಳು ಆ ಕಥೆಯನ್ನು ಹೆಣೆದವನ ಹೆಸರಿಗೆ ಕೃತಜ್ಞತೆ ಹೇಳಬೇಕಾದ ಇಕ್ಕಟ್ಟಿನಲ್ಲಿ ನಿಂತಿದ್ದಳು. ಒಂಬತ್ತು ದಿನಗಳ ತರುವಾಯ, ಆಗಸ್ಟ್ 27ರಂದು, ಪ್ರಶಸ್ತಿಯ ಹೆಸರನ್ನು 'ಅಸ್ಟೌಂಡಿಂಗ್ ಪ್ರಶಸ್ತಿ'ಯೆಂದು ಬದಲಾಯಿಸಿರುವುದಾಗಿ 'ಅನಲಾಗಿ'ನ ಸಂಪಾದಕರು ಪ್ರಕಟಿಸಿದರು. ಹೆಸರಿಟ್ಟ ಪತ್ರಿಕೆಯೇ ಹೆಸರನ್ನು ತೆಗೆಯಿತು. ಹೊಸ ಹೆಸರೂ ಕ್ಯಾಂಪ್‌ಬೆಲ್ಲನ ಪತ್ರಿಕೆಯದೇ ಆದುದರಿಂದ ಆತನ ನೆರಳು ಪೂರ್ತಿಯಾಗಿ ಹೋಗಲಿಲ್ಲವೆಂಬುದನ್ನೂ ಕಾಣಬೇಕು. ಮರುವರ್ಷ ಅದನ್ನು ಪಡೆದವರು ಚೀನೀ ಮೂಲದ ಆರ್. ಎಫ್. ಕುವಾಂಗ್. ಅದೇ ಸಮಾರಂಭದಲ್ಲಿ ಇಂಗ್ ಅವರ ಡಬ್ಲಿನ್ ಭಾಷಣಕ್ಕೂ ಒಂದು ಹ್ಯೂಗೊ ಪ್ರಶಸ್ತಿ ಬಂದಿತು.

ಇಂಥ ವಿವಾದವು ಇದೇ ಮೊದಲಲ್ಲ. ನೆರೆಯ ಕ್ಷೇತ್ರವಾದ ಅದ್ಭುತಕಥೆಗಳಿಗೆ 1975ರಿಂದ 'ವರ್ಲ್ಡ್ ಫ್ಯಾಂಟಸಿ' ಎಂಬ ಪ್ರಶಸ್ತಿಯುಂಟು. ಅದನ್ನು ಮೊದಲು ಕೊಟ್ಟುದು ಪ್ರಾವಿಡೆನ್ಸ್ ನಗರದಲ್ಲಿ. ಆ ಊರಿನವನಾದ ಎಚ್. ಪಿ. ಲವ್‌ಕ್ರಾಫ್ಟನ ತಲೆಯ ಪ್ರತಿಮೆಯೇ ಪ್ರಶಸ್ತಿಯ ರೂಪ. ಲವ್‌ಕ್ರಾಫ್ಟನು (1890–1937) ಭಯಾನಕ ಕಥೆಗಳಲ್ಲಿ ಅಗ್ರಗಣ್ಯನು. ಬದುಕಿದ್ದಾಗ ಬಡತನ, ಸತ್ತ ಮೇಲೆ ಕೀರ್ತಿ. ಗರ್ನ್ಸ್‌ಬ್ಯಾಕನು ಆತನ ಶ್ರೇಷ್ಠ ಕಥೆಯೊಂದನ್ನು 1927ರಲ್ಲಿ ಅಚ್ಚುಹಾಕಿ ಕೊಟ್ಟ ಸಂಭಾವನೆ 25 ಡಾಲರು ಮಾತ್ರ. ಅದೂ ಸತಾಯಿಸಿ ಸತಾಯಿಸಿ. ಆ ಸಿಟ್ಟಿನಲ್ಲಿ ಲವ್‌ಕ್ರಾಫ್ಟನು ಆತನಿಗೆ 'ಹ್ಯೂಗೊ ಎಂಬ ಇಲಿ' ಎಂದು ಹೆಸರಿಟ್ಟನು. ಹಾಗಿದ್ದೂ ಹ್ಯೂಗೊ ಪ್ರಶಸ್ತಿಯ ಹೆಸರನ್ನು ಯಾರೂ ತೆಗೆಯಲಿಲ್ಲ. ಜಿಪುಣತನಕ್ಕೂ ಒಂದು ಜನಾಂಗದ ಹುಟ್ಟನ್ನೇ ಹೀನವೆನ್ನುವುದಕ್ಕೂ ಅಂತರವಿದೆ. ಸಂಭಾವನೆ ಸಿಕ್ಕದ ಲೇಖಕನು ಇನ್ನೊಂದು ಪತ್ರಿಕೆಗೆ ಹೋಗಬಹುದು; ಚರ್ಮವನ್ನು ಬದಲಾಯಿಸುವಂತಿಲ್ಲ.

2011ರಲ್ಲಿ ಆ ಪ್ರಶಸ್ತಿಯು ಕಾದಂಬರಿ ವಿಭಾಗದಲ್ಲಿ ನೈಜೀರಿಯ ಮೂಲದ ನೆಡಿ ಒಕೊರಾಫೋರ್ ಅವರಿಗೆ ಬಂದಿತು. ಲವ್‌ಕ್ರಾಫ್ಟನು 1912ರಲ್ಲಿ ರಚಿಸಿದ ಪದ್ಯವೊಂದನ್ನು ಸ್ನೇಹಿತರೊಬ್ಬರು ಆಕೆಗೆ ತೋರಿಸಿದರು. ಕಪ್ಪು ಜನರನ್ನು ಮೃಗಕ್ಕೂ ಮನುಷ್ಯನಿಗೂ ನಡುವಣ ಸೃಷ್ಟಿಯೆನ್ನುವ ಆ ಪದ್ಯವನ್ನು ಓದಿದ ಮೇಲೆ, ಆತನ ತಲೆಯನ್ನು ತಮ್ಮ ಮನೆಯಲ್ಲಿ ಪ್ರತಿಷ್ಠಾಪಿಸಿಕೊಳ್ಳುವುದು ಹೇಗೆಂದು ಆಕೆ ಬಹಿರಂಗವಾಗಿಯೇ ಕೇಳಿದರು. ಅದಕ್ಕೆ ಹಿಂದಿನ ವರ್ಷ ಅದೇ ಪ್ರಶಸ್ತಿಯನ್ನು ಪಡೆದ ಇಂಗ್ಲಿಷ್ ಲೇಖಕ ಚೈನಾ ಮಿಯೇವಿಲ್ ಅವರು ಪ್ರತಿಮೆಯನ್ನು ಗೋಡೆಯ ಕಡೆಗೆ ಮುಖಮಾಡಿ ಇಟ್ಟಿರುವುದಾಗಿ ತಿಳಿಸಿದರು. 2014ರಲ್ಲಿ ಡೇನಿಯಲ್ ಹೊಸೆ ಓಲ್ಡರ್ ಎಂಬ ಲೇಖಕರು, ಆ ತಲೆಗೆ ಬದಲಾಗಿ ಕಪ್ಪು ಲೇಖಕಿ ಒಕ್ಟೇವಿಯಾ ಬಟ್ಲರ್ ಅವರ ಪ್ರತಿಮೆಯನ್ನಿಡಬೇಕೆಂದು ಮನವಿಯೊಂದಕ್ಕೆ ಸಹಿ ಕೂಡಿಸಿದರು. 2015ರ ನವೆಂಬರಿನಲ್ಲಿ ಲವ್‌ಕ್ರಾಫ್ಟನ ತಲೆಯನ್ನು ನಿಲ್ಲಿಸಿದರು. ಬಟ್ಲರ್ ಅವರದೂ ಬರಲಿಲ್ಲ. ಪೂರ್ಣಚಂದ್ರನನ್ನು ಬಳಸಿಕೊಂಡ ಬೋಳು ಮರದ ಪ್ರತಿಮೆಯು 2017ರಿಂದ ರೂಢಿಗೆ ಬಂದಿತು. ಯಾವ ಮನುಷ್ಯನ ಮುಖವೂ ಬೇಡವೆಂದು ಅವರು ನಿಶ್ಚಯಿಸಿದಂತಿದೆ.

ಎದುರುವಾದವನ್ನು ಅತ್ಯಂತ ಖಂಡಿತವಾಗಿ ಹೇಳಿದವರು ಭಾರತ ಮೂಲದವರೆಂಬುದು ನಮ್ಮ ವಾಚಕರಿಗೆ ಕುತೂಹಲದ ವಿಷಯವಾದೀತು. ಎಸ್. ಟಿ. ಜೋಶಿಯವರು 1958ರಲ್ಲಿ ಪುಣೆಯಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ಅಮೆರಿಕಕ್ಕೆ ಹೋಗಿ, ಲವ್‌ಕ್ರಾಫ್ಟನ ಗ್ರಂಥಸಂಪಾದನೆಗೂ ಜೀವನಚರಿತ್ರೆಗೂ ಆಯುಷ್ಯವನ್ನೇ ಮುಡಿಪಿಟ್ಟ ವಿದ್ವಾಂಸರು. ಪ್ರತಿಮೆಯನ್ನು ನಿಲ್ಲಿಸಿದುದನ್ನು ಪ್ರತಿಭಟಿಸಿ ಅವರು ತಮಗೆ ಬಂದಿದ್ದ ಎರಡು ಪ್ರಶಸ್ತಿಗಳನ್ನು ಹಿಂತಿರುಗಿಸಿದರು. ಪ್ರಶಸ್ತಿಯು ಸಾಹಿತ್ಯಕ್ಕೆ ಸಲ್ಲುವ ಗೌರವ, ವ್ಯಕ್ತಿಯ ಗುಣಕ್ಕಲ್ಲ ಎಂಬುದು ಅವರ ವಾದದ ತಿರುಳು. ಲವ್‌ಕ್ರಾಫ್ಟನ ಜನಾಂಗದ್ವೇಷವನ್ನು ಅವರು ಮುಚ್ಚಿಟ್ಟವರಲ್ಲ. ಅದರ ದಾಖಲೆಗಳನ್ನು ಬೆಳಕಿಗೆ ತಂದವರಲ್ಲಿ ಅವರೂ ಪ್ರಮುಖರು. ಕಂದುಬಣ್ಣದವರಾಗಿ ಹೀಗೆ ಹೇಳಬಹುದೇ ಎಂದು ಮೂದಲಿಸುವುದು ಸಲ್ಲದು. ಮೈಬಣ್ಣವನ್ನು ನೋಡಿ ಮನುಷ್ಯನ ಅಭಿಪ್ರಾಯವನ್ನು ಗೊತ್ತುಮಾಡುವುದೇ ನಾವು ವಿರೋಧಿಸತಕ್ಕ ರೋಗವಲ್ಲವೇ? ಆದರೂ ಅವರ ವಾದವು ನನಗೆ ಒಪ್ಪಿಗೆಯಾಗಲಿಲ್ಲ. ಲವ್‌ಕ್ರಾಫ್ಟನಲ್ಲಿ ಸಾಹಿತ್ಯವನ್ನೂ ದ್ವೇಷವನ್ನೂ ಹಾಲು ನೀರಿನಂತೆ ಬೇರ್ಪಡಿಸಲಾಗುವುದಿಲ್ಲ. ಬ್ರೂಕ್ಲಿನ್ನಿನ ವಲಸೆಗಾರರ ಕೇರಿಯನ್ನು ಕಂಡು ಆತನಿಗುಂಟಾದ ಹೇಸಿಕೆಯೇ 1925ರಲ್ಲಿ ಬರೆದ ರೆಡ್ ಹುಕ್ಕಿನ ಕಥೆಯ ಭಯ. ರಕ್ತ ಬೆರೆಯುವುದೆಂಬ ಅಂಜಿಕೆಯೇ ಇನ್ನು ಕೆಲವು ಕಥೆಗಳ ಬೆನ್ನೆಲುಬು. ಪ್ರತಿಮೆಯ ಮುಖವಂತೂ ಕಥೆಗಳ ಮುಖವಲ್ಲ, ಮನುಷ್ಯನದೇ ಮುಖ.

ಆತನ ಕಾಲವೇ ಹಾಗಿತ್ತೆಂದು ಹೇಳುವವರಿದ್ದಾರೆ. ಈ ಮಾತನ್ನು ಕೇಳಿದಾಗ ಚರಿತ್ರೆಯ ಉಪಾಧ್ಯಾಯನು ಇಸವಿಗಳನ್ನು ನೋಡಬೇಕು. ಲವ್‌ಕ್ರಾಫ್ಟನೂ ನಮ್ಮಂತೆ ಹವ್ಯಾಸಿ ಪತ್ರಿಕೆಯನ್ನು ನಡೆಸಿದವನು. 1915ರಲ್ಲಿ ಆತನು ಅದರಲ್ಲಿ ಜನಾಂಗದ ಮೇಲು ಕೀಳನ್ನು ಸಮರ್ಥಿಸಿದಾಗ, ಅದೇ ಹವ್ಯಾಸಿ ಬಳಗದ ಚಾರ್ಲ್ಸ್ ಐಸಾಕ್‌ಸನ್ ಮತ್ತು ಜೇಮ್ಸ್ ಮಾರ್ಟನ್ ಎಂಬವರು ಬಲವಾಗಿ ಖಂಡಿಸಿದರು. ಮಾರ್ಟನನು ಜನಾಂಗದ್ವೇಷದ ವಿರುದ್ಧ ಒಂದು ಪುಸ್ತಿಕೆಯನ್ನೇ ಅದಕ್ಕೆ ಮೊದಲು ಬರೆದಿದ್ದವನು. ಮುಂದೆ ಲವ್‌ಕ್ರಾಫ್ಟನಿಗೆ ಆಪ್ತಮಿತ್ರನೂ ಆದನು. ಕಪ್ಪು ಚಿಂತಕರಾದ ಡಬ್ಲ್ಯು. ಇ. ಬಿ. ಡುಬಾಯ್ಸರು 1920ರಲ್ಲಿಯೇ ಧೂಮಕೇತುವೊಂದರ ವಿಜ್ಞಾನಕಥೆಯನ್ನು ಬರೆದು ಪ್ರಕಟಿಸಿದ್ದರು. ಅದೇ ಕಾಲ, ಅದೇ ದೇಶ. ಡಿಲೇನಿಯವರ ಕಾದಂಬರಿ ಹಿಂತಿರುಗಿದಾಗಲಂತೂ ನಾಗರಿಕ ಹಕ್ಕುಗಳ ಶಾಸನವು (1964) ಬಂದು ಮೂರು ವರ್ಷಗಳಾಗಿದ್ದುವು. ಕಾಲವನ್ನು ದೂರುವಾಗ, ಅದೇ ಕಾಲದಲ್ಲಿ ಬಾಳಿ ಬೇರೆ ಬಗೆಯಾಗಿ ಯೋಚಿಸಿದವರನ್ನು ನಾವು ಲೆಕ್ಕದಿಂದ ಬಿಟ್ಟುಬಿಡುತ್ತೇವೆ. ಅವಮಾನಕ್ಕೊಳಗಾದವರೂ ಆ ಕಾಲದ ಜನರೇ ತಾನೆ?

ಇನ್ನು ಆ ಹುಡುಗನ ಪ್ರಶ್ನೆ. ಹೆಸರನ್ನು ತೆಗೆದುದರಿಂದ ಕೆಲಸವು ಹೋಯಿತೇ? ನಡೆದುದು ಇದಕ್ಕೆ ವ್ಯತಿರಿಕ್ತ. ಪ್ರಶಸ್ತಿಯ ಮೇಲೆ ಹೆಸರಿದ್ದ ಕಾಲದಲ್ಲಿ ಕ್ಯಾಂಪ್‌ಬೆಲ್ಲನ ಬದುಕಿನ ವಿವರಗಳು ಎಷ್ಟೋ ಮಂದಿಗೆ ತಿಳಿದಿರಲಿಲ್ಲ. ಅಲೆಕ್ ನೆವಾಲಾ-ಲೀ ಅವರು 2018ರಲ್ಲಿ ಆತನನ್ನೂ ಆತನ ಬಳಗವನ್ನೂ ಕುರಿತು ವಿಸ್ತಾರವಾದ ಚರಿತ್ರೆಯನ್ನು ಬರೆದರು. ಒಳ್ಳೆಯದನ್ನೂ ಕೆಟ್ಟದನ್ನೂ ಅದರಲ್ಲಿ ಅಡಗಿಸಿಲ್ಲ. ಡಬ್ಲಿನ್ನಿನ ಸಮ್ಮೇಳನದಲ್ಲಿ ಹ್ಯೂಗೊ ಪ್ರಶಸ್ತಿಗೆ ಪರಿಗಣಿತವಾದ ಗ್ರಂಥಗಳಲ್ಲಿ ಅದೂ ಒಂದಾಗಿತ್ತು. ಲವ್‌ಕ್ರಾಫ್ಟನ ಕಥೆಗಳು ಅಚ್ಚಾಗುತ್ತಲೇ ಇವೆ. ಪ್ರತಿಮೆ ನಿಂತುಹೋದ ಮರುವರ್ಷ, 2016ರಲ್ಲಿ, ವಿಕ್ಟರ್ ಲವಾಲ್ ಎಂಬ ಕಪ್ಪು ಲೇಖಕರು ಅದೇ ರೆಡ್ ಹುಕ್ಕಿನ ಕಥೆಯನ್ನು ಕಪ್ಪು ಯುವಕನೊಬ್ಬನ ಕಣ್ಣಿನಿಂದ ಮತ್ತೆ ಬರೆದು, ತಮ್ಮ ಇಬ್ಬಗೆಯ ಮನಸ್ಸನ್ನು ಮುಚ್ಚಿಡದೆಯೇ ಆ ಕೃತಿಯನ್ನು ಲವ್‌ಕ್ರಾಫ್ಟನಿಗೆ ಅರ್ಪಿಸಿದರು. ಗ್ರಂಥಾಲಯದಲ್ಲಿ ಇಂಥವರಿಗೆಲ್ಲ ಜಾಗವಿದೆ. ಬಹುಮಾನದ ಫಲಕದ ಮಾತು ಬೇರೆ. ಅದನ್ನು ಜೀವಂತ ಮನುಷ್ಯರ ಕೈಗೆ ಕೊಡುತ್ತಾರೆ, ಪಡೆದವರು ತಲೆಬಾಗಿ ತೆಗೆದುಕೊಳ್ಳುತ್ತಾರೆ. ಹಾಗೆ ತಲೆಬಾಗಬೇಕಾದವರಲ್ಲಿ ಒಬ್ಬರನ್ನು, ಅವರ ಹುಟ್ಟಿಗಾಗಿಯೇ, ಆ ಹೆಸರಿನವನು ತನ್ನ ಬಾಗಿಲಿನ ಒಳಗೆ ಬಿಡುತ್ತಿರಲಿಲ್ಲವಾದರೆ ಆ ಹೆಸರು ಅಲ್ಲಿರತಕ್ಕದ್ದಲ್ಲವೆಂದು ನನ್ನ ಮತ.

ಮುಂದಿನ ವಾರ ತರಗತಿಯಲ್ಲಿ ಇಷ್ಟನ್ನೂ ನನಗೆ ತಿಳಿದ ಮಟ್ಟಿಗೆ ಸರಳಗೊಳಿಸಿ ಹೇಳಿದೆನು. ಹುಡುಗನು ತಲೆಯಾಡಿಸಿದನಾದರೂ ಮುಖದಲ್ಲಿ ಪೂರ್ತಿ ಸಮಾಧಾನ ಕಾಣಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಆ ನಕ್ಷತ್ರದ ಕಥೆಯನ್ನು ಇನ್ನೂ ಓದಬಹುದಲ್ಲವೇ, ಮಾಷ್ಟ್ರೇ?" ಎಂದನು. ಓದಬಹುದೆಂದೆನು. ಗಂಟೆ ಹೊಡೆಯಲು ಇನ್ನೂ ಹತ್ತು ನಿಮಿಷವಿದ್ದಿತು. ಎರಡು ಸಾವಿರ ವರ್ಷಕ್ಕೊಮ್ಮೆ ಕತ್ತಲಾಗುವ ಆ ಲೋಕದ ಕಥೆಯನ್ನು ಅಂದೇ ಆರಂಭಿಸಿದೆನು.